ಎಡಗೈಯವಳ ಗ್ಲೌಸಿಗೆ ಮೇಣ

ನನ್ನ ಮಗಳು ಎಡಗೈಯವಳು. ಬೇಸ್‌ಬಾಲ್ ಆಡುವವರು ಚೆಂಡು ಎಸೆಯುವ ಕೈಯನ್ನು ಬರಿದಾಗಿ ಬಿಟ್ಟು, ಇನ್ನೊಂದು ಕೈಗೆ ಬಾಳೆಮೂತಿಯಷ್ಟು ದಪ್ಪದ ಚರ್ಮದ ಗ್ಲೌಸ್ ತೊಡುತ್ತಾರೆ. ಹೆಚ್ಚಿನವರದು ಎಡಗೈಗೆ ತೊಡುವಂಥದ್ದು. ಇವಳಿಗೆ ಬಲಗೈಯದು ಬೇಕು. ನಾಗರಬಾವಿ ಕಡೆಯ ಅವಳ ಕಾಲೇಜಿನ ಕಿಟ್ ಬ್ಯಾಗಿನಲ್ಲಿ ಬಲಗೈಯದು ಒಂದೂ ಇಲ್ಲ. ಅಂಗಡಿಗಳಲ್ಲಿ ಕೇಳಿದರೆ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎನ್ನುತ್ತಾರೆ. ಓದು ಮುಗಿಸಿ ಹೋದ ಸೀನಿಯರ್ ಹುಡುಗಿಯೊಬ್ಬಳು, ಪುಣ್ಯಕ್ಕೆ ಅವಳೂ ಎಡಗೈಯವಳೇ, ತನ್ನ ಹಳೆಯದನ್ನು ಇವಳಿಗೆ ಬಿಟ್ಟುಕೊಟ್ಟಿದ್ದಳು.

ದಸರಾ ಕಳೆದ ಶನಿವಾರ ಯೂನಿವರ್ಸಿಟಿ ತಂಡದ ಆಯ್ಕೆ. ಹೋದ ವರ್ಷ ಆಯ್ಕೆಯ ದಿನ ಜ್ವರ ಬಂದು ಮಲಗಿದ್ದಳು. ಈ ವರ್ಷ ಡಿಗ್ರಿಯ ಕೊನೆಯ ವರ್ಷ. ಇನ್ನೊಂದು ಅವಕಾಶವಿಲ್ಲ.

ಆಯುಧಪೂಜೆಯ ದಿನ ನಮ್ಮ ವಿಜಯನಗರದ ಮನೆಯಲ್ಲಿ ನಮ್ಮತ್ತೆಯದೇ ಆಡಳಿತ. ಈಳಿಗೆಮಣೆ, ಕತ್ತರಿ, ಸುತ್ತಿಗೆ, ನನ್ನ ಹೊಲಿಗೆ ಯಂತ್ರ, ಎಲ್ಲವನ್ನೂ ಒರೆಸಿ, ಕಬ್ಬಿಣದ್ದಕ್ಕೆಲ್ಲ ಹರಳೆಣ್ಣೆ ಸವರಿ, ಅರಿಶಿನ ಕುಂಕುಮವಿಟ್ಟು ದೇವರ ಮುಂದೆ ಸಾಲಾಗಿ ಜೋಡಿಸುತ್ತಾರೆ. ಆ ಸಾಲಿನಲ್ಲಿ ಈ ಸಲ ಗ್ಲೌಸೂ ಇತ್ತು. ಮೊಮ್ಮಗಳ ಆಯುಧ ಅದಲ್ಲವೇ? ಚರ್ಮ ಒಣಗಿದೆ ಅನ್ನಿಸಿ ಅದಕ್ಕೂ ಎಣ್ಣೆ ಹಾಕಿದ್ದರು. ಹೊರಗೆ ಸವರಿದ್ದರೆ ಪರವಾಗಿರಲಿಲ್ಲ. ಒಂದೊಂದು ಬೆರಳಿನ ಒಳಕ್ಕೂ ಎಣ್ಣೆ ಬಿಟ್ಟು, ಎಳೆಗೂಸಿಗೆ ತೀಡುವ ಹಾಗೆ ತೀಡಿದ್ದರು. ನಾನು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ, ನೋಡಲಿಲ್ಲ.

ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಕದಲಿಸುವ ಹಾಗಿಲ್ಲ. ಎಣ್ಣೆಗೆ ಬೇಕಾದಷ್ಟು ಸಮಯ ಸಿಕ್ಕಿತು. ದಶಮಿಯ ಮರುದಿನ ಮಗಳು ಗ್ಲೌಸ್ ತೊಟ್ಟು ಕೈ ಹೊರಗೆಳೆದರೆ, ಒಳಗಿನ ಪದರವೂ ಕೈಯ ಜೊತೆಗೇ ಬಂತು, ತೋಯ್ದ ಕಾಲುಚೀಲ ತಿರುಗುಮುರುಗಾಗುವ ಹಾಗೆ.

"ಅಜ್ಜೀ! ಏನ್ ಮಾಡ್ದೆ ಇದಕ್ಕೆ?"

"ಪೂಜೆ ಮಾಡ್ದೆ."

"ಅಯ್ಯೋ, ಒಳಗೆಲ್ಲಾ ಎಣ್ಣೆ!"

"ಅದಕ್ಕೇನೀಗ? ನಿನ್ನ ತಲೆಗಂತೂ ಹಚ್ಚಿಸ್ಕೊಳ್ಳಲ್ಲ. ಅದಾದ್ರೂ ಹಚ್ಚಿಸ್ಕೊಳ್ತು."

ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತರು. ಗ್ಲೌಸ್ ನನ್ನ ಮುಂದೆ ಉಳಿಯಿತು. ಈ ಮನೆಯಲ್ಲಿ ಕಿತ್ತುಹೋದದ್ದೆಲ್ಲ ಕೊನೆಗೆ ನನ್ನ ಮಡಿಲಿಗೆ ಬರುತ್ತದೆ. ಮಿಕ್ಸಿ ಜಾರಿನ ವಾಷರ್, ಬ್ಯಾಗಿನ ಜಿಪ್, ಒಬ್ಬರ ಮೇಲೊಬ್ಬರಿಗೆ ಬರುವ ಮುನಿಸು. ಹಬ್ಬದ ಪಾತ್ರೆಗಳೇ ಇನ್ನೂ ಸಿಂಕಿನಲ್ಲಿದ್ದವು.

ಆಮೇಲೆ ಮಗಳು ಹೊರಗೆ ಬಂದು, ತನ್ನ ಕೋಚ್‌ಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ಅವರು ಹೇಳಿದ್ದಿಷ್ಟು: ಹೊರಚರ್ಮಕ್ಕೂ ಒಳಪದರಕ್ಕೂ ನಡುವೆ ಅಂಟಂಟಾದ ಒಂದು ಗ್ರೀಸ್ ಇರುತ್ತದೆ. ಅದೇ ಎರಡನ್ನೂ ಹಿಡಿದಿಡುವುದು. ಎಣ್ಣೆ ಬಿದ್ದು ಅದು ನೀರಾಗಿದೆ. ಅಂಥದ್ದು ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದ ಬರಬೇಕು.

"ಗಮ್ ಮಾತ್ರ ಹಾಕ್ಬೇಡಿ ಮೇಡಂ. ಗಟ್ಟಿಯಾಗಿ ಹಲಗೆ ಥರ ಆಗುತ್ತೆ. ಅಂಟ್ಕೊಂಡೂ ಇರ್ಬೇಕು, ಮಡಚೋಕೂ ಬರ್ಬೇಕು."

ಸಂಜೆ ಆಫೀಸಿನಿಂದ ಬಂದ ನನ್ನ ಗಂಡ ಎಲ್ಲ ಕೇಳಿಸಿಕೊಂಡು, "ಒಂದು ತೊಟ್ಟು ಗಮ್ ಹಾಕಿ ಒತ್ತಿದ್ರೆ ಮುಗೀತಪ್ಪಾ," ಅಂದರು.

"ರೀ, ಅದನ್ನೇ ಹಾಕ್ಬಾರ್ದು ಅಂದಿದ್ದು."

"ಹಾಗಾದ್ರೆ ಗ್ರೀಸ್ ಹಾಕು," ಎಂದು ಟೀವಿ ಹಾಕಿದರು.

ಅವರ ಮಾತು ಅಷ್ಟೇನೂ ತಪ್ಪಾಗಿರಲಿಲ್ಲ. ಯಾವ ಗ್ರೀಸ್ ಎಂಬುದೊಂದೇ ಪ್ರಶ್ನೆ.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಹೊಸ ಹೊಲಿಗೆಯನ್ನು ಮೊದಲು ಚಿಂದಿಯ ಮೇಲೆ ಹಾಕಿಸಿ, ನೋಡಿ, ಆಮೇಲೆ ಬಟ್ಟೆ ಕೊಡುತ್ತಿದ್ದರು. ಆ ಅಭ್ಯಾಸ ನನ್ನಿಂದ ಹೋಗಿಲ್ಲ. ಹಳೆಯ ಹ್ಯಾಂಡ್‌ಬ್ಯಾಗೊಂದನ್ನು ಕತ್ತರಿಸಿ ಚರ್ಮದ ತುಂಡುಗಳನ್ನು ಮಾಡಿಕೊಂಡೆ. ಮಾರ್ಕೆಟ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಗ್ರೀಸಾ ಆಂಟಿ? ಗೇಟಿಗಾ, ಬೇರಿಂಗಿಗಾ?"

"ಗ್ಲೌಸಿಗೆ."

ಅಂಗಡಿಯವನು ಪಕ್ಕದವನ ಮುಖ ನೋಡಿದ. "ಕೈಗೆ ಗ್ರೀಸ್ ಆಗ್ಬಾರ್ದು ಅಂತ ಗ್ಲೌಸ್ ಹಾಕ್ತಾರೆ. ನೀವು ಗ್ಲೌಸಿಗೇ ಗ್ರೀಸ್ ಕೇಳ್ತೀರಲ್ಲ!"

ನಗುವ ಶಕ್ತಿ ನನಗಿರಲಿಲ್ಲ. ಒಂದು ಸಣ್ಣ ಡಬ್ಬಿ ತಂದೆ. ತುಂಡುಗಳ ನಡುವೆ ಹಚ್ಚಿ ಉಜ್ಜಿದರೆ ಒಂದರ ಮೇಲೊಂದು ಸರಾಗವಾಗಿ ಜಾರಿದವು. ಜಾರಿಸುವುದೇ ಅದರ ಕೆಲಸ, ಅದನ್ನೇಕೆ ಬೈಯಲಿ. ವ್ಯಾಸಲಿನ್ ಇನ್ನೂ ಹೆಚ್ಚು ಜಾರಿತು. ಯಾವುದಕ್ಕೂ ಇರಲಿ ಎಂದು ಗಮ್ಮನ್ನೂ ಹಚ್ಚಿ ನೋಡಿದೆ. ಬೆಳಗಾಗುವಷ್ಟರಲ್ಲಿ ಹಪ್ಪಳದಂತೆ ಸೆಟೆದು, ಮಡಚಿದಾಗ ಚಟಕ್ಕೆಂದು ಬಿರಿಯಿತು.

ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಕನ್ನಡಿಯ ಮುಂದೆ ಕೂತಿದ್ದರು. ಅವರು ಸ್ಟಿಕ್ಕರ್ ಇಟ್ಟುಕೊಳ್ಳುವವರಲ್ಲ. ಪುಟ್ಟ ಡಬ್ಬಿಯಿಂದ ಬೆರಳ ತುದಿಗೆ ಒಂದಿಷ್ಟು ಮೇಣ ತೆಗೆದು, ಹಣೆಯ ನಡುವೆ ದುಂಡಗೆ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಾರೆ. ಅಡುಗೆಮನೆಯ ಸೆಕೆಗೂ ಮಧ್ಯಾಹ್ನದ ನಿದ್ದೆಗೂ ಅದು ಕದಲುವುದಿಲ್ಲ. ಸಂಜೆ ಒರೆಸಿದರೆ ಬಿಟ್ಟುಕೊಳ್ಳುತ್ತದೆ. ಇಷ್ಟು ವರ್ಷ ಅದನ್ನು ನೋಡಿದ್ದೇನೆ. ಅಂದು ಕಾಫಿ ಲೋಟ ಹಿಡಿದು ಅವರ ಬೆರಳನ್ನೇ ನೋಡುತ್ತಾ ನಿಂತೆ.

"ಅತ್ತೆ, ಒಂಚೂರು ಮೇಣ ಕೊಡಿ."

"ನೀನ್ಯಾವಾಗಿಂದ ಕುಂಕುಮ ಇಡೋಕೆ ಶುರು ಮಾಡ್ದೆ?"

"ನನಗಲ್ಲ. ಗ್ಲೌಸಿಗೆ."

ಅವರ ಬೆರಳು ಹಣೆಯ ಬಳಿಯೇ ನಿಂತಿತು. "ಹಣೆಗೆ ಹಚ್ಚೋದು ಕಣೇ ಇದು! ಯಾವ ದನದ ಚರ್ಮವೋ ಏನೋ!"

"ದೇವರ ಮುಂದೆ ಇಟ್ಟಾಗ ಚರ್ಮ ಆಗಿರ್ಲಿಲ್ವಾ?"

ಬಾಯಿಂದ ಬಂದ ಮೇಲೆ ಇಷ್ಟು ಖಾರ ಬೇಡವಾಗಿತ್ತು ಅನ್ನಿಸಿತು. ಅತ್ತೆ ಕುಂಕುಮ ಇಟ್ಟುಕೊಂಡು, ಡಬ್ಬಿಯ ಮುಚ್ಚಳ ಹಾಕಿ, ಬೀರುವಿನೊಳಗಿಟ್ಟು ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ದೇವರಮನೆಯಿಂದ ಅವರ ಮಾತು ಕೇಳಿಸಿತು. "ನನ್ನ ಡಬ್ಬೀದು ಕೊಡಲ್ಲ. ಗ್ರಂಥಿಗೆ ಅಂಗಡೀಲಿ ಜೇನುಮೇಣ ಸಿಗುತ್ತೆ, ತಗೊಂಬಾ. ಮಾಡ್ಕೊಡ್ತೀನಿ."

ಪೂಜಾಸಾಮಾನು, ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಯವರು ಕೇಳಿದರು: "ತುಟಿಗಾ ಮೇಡಂ, ಹಿಮ್ಮಡಿಗಾ?" ನಾನು ಹಿಮ್ಮಡಿಗೆ ಅಂದೆ. ಇನ್ನೊಮ್ಮೆ ಎಲ್ಲ ವಿವರಿಸುವುದು ಬೇಡವಾಗಿತ್ತು.

ಮೊದಲು ಗ್ಲೌಸಿನ ಎಣ್ಣೆ ತೆಗೆಯಬೇಕಿತ್ತು. ಒಳಪದರವನ್ನು ಹೊರಗೆಳೆದು, ಎರಡು ಕಡೆಗೂ ಕಡಲೆಹಿಟ್ಟು ಉದುರಿಸಿ, ಅದು ಎಣ್ಣೆ ಕುಡಿದು ಮುದ್ದೆಯಾದಾಗ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದೆ. ಮತ್ತೆ ಉದುರಿಸಿದೆ, ಮತ್ತೆ ಉಜ್ಜಿದೆ. ಬೆನ್ನು ನೋಯತೊಡಗಿತು. ಮನೆಯೆಲ್ಲ ಬೋಂಡ ಕರಿದಂಥ ವಾಸನೆ.

ಅತ್ತೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಮೇಣ ಕರಗಿಸಿದರು. ಅದಕ್ಕೆ ಹರಳೆಣ್ಣೆ ಬಿಡಲು ಹೋದಾಗ ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು.

"ಮತ್ತೆ ಅದೇ ಎಣ್ಣೇನಾ, ಅಜ್ಜಿ?"

"ಬಾಯ್ಮುಚ್ಕೊಂಡು ನೋಡು."

ಮೊದಲ ಸಲದ್ದು ಪುಡಿಪುಡಿಯಾಯಿತು. ಇನ್ನಷ್ಟು ಎಣ್ಣೆ ಬಿಟ್ಟು ಮತ್ತೆ ಕರಗಿಸಿ ಆರಿಸಿದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಬಿಡಿಸಿ ನೋಡಿದರು. ಬೆರಳುಗಳು ಒಂದು ಗಳಿಗೆ ಹಿಡಿದುಕೊಂಡು, ಮೆಲ್ಲಗೆ ಬಿಟ್ಟುಕೊಂಡವು. ಅದನ್ನು ಬ್ಯಾಗಿನ ತುಂಡುಗಳ ನಡುವೆ ಹಚ್ಚಿ ನಾನು ಎಳೆದೆ, ತಿರುಚಿದೆ, ಮಡಚಿದೆ. ಜಾರಲಿಲ್ಲ, ಬಿರಿಯಲಿಲ್ಲ. ಮಗಳ ಕೈಗೆ ಕೊಟ್ಟೆ. ಅವಳೂ ಎಳೆದು ನೋಡಿದಳು. ಒಳಗೆ ಹೋಗಿ ಗ್ಲೌಸ್ ತಂದು ಅಜ್ಜಿಯ ಮುಂದೆ ಇಟ್ಟಳು.

ಉದ್ದ ಹಿಡಿಯ ಚಮಚದ ತುದಿಯಿಂದ ಒಂದೊಂದೇ ಬೆರಳಿನೊಳಕ್ಕೆ ಮೇಣ ತಳ್ಳಿ ಹರಡಿ, ಒಳಪದರವನ್ನು ಅದರ ಜಾಗಕ್ಕೆ ಕೂರಿಸಿದೆ. ಕಿರುಬೆರಳು ಹಟ ಮಾಡಿತು. ಕೊನೆಗೆ ಮಗಳೇ ಕೈ ತೂರಿಸಿ ಮುಷ್ಟಿ ಮಡಚುತ್ತಾ ಬಿಡಿಸುತ್ತಾ ಕೂತಳು. ಆಮೇಲೆ ಮೆಲ್ಲಗೆ ಕೈ ಎಳೆದಳು. ಕೈಯೊಂದೇ ಹೊರಗೆ ಬಂತು.

ಶನಿವಾರ ಮೈದಾನದಲ್ಲಿ ನೆರಳೇ ಇರಲಿಲ್ಲ. ನಾನು ಕಾಂಪೌಂಡಿನ ಪಕ್ಕ ದುಪಟ್ಟಾ ತಲೆಯ ಮೇಲೆಳೆದುಕೊಂಡು ಕೂತಿದ್ದೆ. ಈ ಆಟದ ನಿಯಮ ನನಗೆ ಅರ್ಧವೂ ಗೊತ್ತಿಲ್ಲ. ಅಂದು ನನ್ನ ಕಣ್ಣು ಮಗಳ ಬಲಗೈಯ ಮೇಲೆ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಚೆಂಡು ಬಂದು ಗ್ಲೌಸಿಗೆ ಬೀಳುವ ಫಟ್ಟೆಂಬ ಶಬ್ದ ಕೇಳಿಸುವುದು, ಅವಳು ಕೈ ತೆರೆಯುವುದು, ಎಸೆಯುವುದು. ನೆಲದ ಮೇಲೆ ಉರುಳಿ ಬಂದವನ್ನು ಚೆನ್ನಾಗಿಯೇ ಹಿಡಿದಳು. ಬಿಸಿಲೇರಿದ ಮೇಲೆ ಒಂದು ಎತ್ತರದ ಚೆಂಡು ಗ್ಲೌಸಿಗೆ ತಾಗಿ ಪುಟಿದು ಹೊರಗೆ ಬಿತ್ತು. ಅವಳು ಹಲ್ಲಿನಿಂದ ಪಟ್ಟಿ ಬಿಗಿದುಕೊಂಡು, ಕೈಯನ್ನು ತೊಡೆಗೆ ಗುದ್ದಿ ಮತ್ತೆ ಕೂರಿಸಿಕೊಂಡಳು. ಮುಂದಿನದನ್ನು ಹಿಡಿದಳು. ಅದರ ಮುಂದಿನದನ್ನೂ.

ಹೆಸರುಗಳನ್ನು ಓದುವಾಗ ನಾನು ಎದ್ದು ನಿಲ್ಲಲಿಲ್ಲ, ಕಾಲು ಹಿಡಿದುಕೊಂಡಿತ್ತು. ಅವಳ ಹೆಸರು ಕೊನೆಯಲ್ಲಿ ಬಂತು. ಗೆಳತಿಯರು ಅವಳ ಬೆನ್ನಿಗೆ ಗುದ್ದುತ್ತಿರುವುದು ದೂರದಿಂದ ಕಂಡಿತು.

ವಾಪಸು ಬರುವಾಗ ಮೆಟ್ರೋದಲ್ಲಿ ಒಂದೇ ಸೀಟು ಸಿಕ್ಕಿತು. ಅವಳು ನನ್ನನ್ನು ಕೂರಿಸಿ, ಕಂಬ ಹಿಡಿದು ನಿಂತು ಅಜ್ಜಿಗೆ ಫೋನ್ ಮಾಡಿದಳು. "ಸೆಲೆಕ್ಟ್ ಆದೆ ಅಜ್ಜೀ... ಹೂಂ... ಇಲ್ಲ, ಕೋಪ ಎಲ್ಲಾ ಇಲ್ಲ... ಹೂಂ, ಪಾಯಸ ಮಾಡು." ಫೋನ್ ಇಟ್ಟು ಗ್ಲೌಸನ್ನು ನನ್ನ ಮಡಿಲಿಗೆ ಹಾಕಿದಳು. ಇನ್ನೂ ಬಿಸಿಯಾಗಿತ್ತು.

"ಅಮ್ಮಾ, ಮಧ್ಯಾಹ್ನದ ಮೇಲೆ ಸ್ವಲ್ಪ ಮೆತ್ತಗಾಯ್ತು ಇದು. ಒಂದು ಬಿಟ್ಟೆ ನೋಡು, ಆವಾಗ. ಟೂರ್ನಮೆಂಟ್ ಕಲಬುರಗಿ ಕಡೆಯಂತೆ. ಅಲ್ಲಿ ಬಿಸಿಲು ಇನ್ನೂ ಜಾಸ್ತಿ."

"ಬಿಚ್ಚಿ ಮತ್ತೆ ಹಚ್ಬೇಕಾಗುತ್ತೆ."

"ಬಿಚ್ಚಕ್ಕೆ ಬರುತ್ತಲ್ವಾ?"

"ಬರುತ್ತೆ," ಎಂದೆ. ಕಣ್ಣು ಮುಚ್ಚಿಕೊಂಡೆ. ಮೇಣ ಸ್ವಲ್ಪ ಹೆಚ್ಚು, ಎಣ್ಣೆ ಸ್ವಲ್ಪ ಕಡಿಮೆ. ಅದಕ್ಕೂ ಮೊದಲು ಒಂದು ಲೋಟ ಕಾಫಿ.