ಮುಂದಿನ ಬೀದಿಯ ನಿದ್ದೆ

ಹೊಸ ಶಾಲೆ ಕಟ್ಟಿಸುವವರು ಹಿಂದಿನ ಬೀದಿಗೆ ಕೊಡಬೇಕಾದ, ಸದ್ದು ತಡೆಯುವ ತಗಡಿನ ಗೋಡೆ ಇನ್ನೂ ಬಾಕಿಯಿದೆ. ಮುಂದಿನ ಬೀದಿಗೆ ಅದು ಸಿಕ್ಕಿತಲ್ಲ, ಅದೇ ಹಿಂದಿನ ಬೀದಿಯ ದರ್ಜಿ ಅಕ್ಕನ ಹೊಟ್ಟೆಯುರಿ. "ಅಲ್ಲಿ ನಾಯಿಗೂ ಮಧ್ಯಾಹ್ನ ಗೊರಕೆ ಕಣ್ರೀ! ಇಲ್ಲಿ ಲಾರಿ ಬಂದ್ರೆ ಗೋಡೆಯ ಮೊಳೆಯೂ ಕಳಚಿ ಬೀಳುತ್ತೆ" ಅಂತ ಬಟ್ಟೆ ತಂದವರಿಗೆಲ್ಲ ಒಪ್ಪಿಸುತ್ತಾಳೆ. ಆ ಬೀದಿಯವರ ಅಳತೆ ತೆಗೆಯುವಾಗ ಟೇಪನ್ನು ತುಸು ಬಿಗಿಯಾಗೇ ಎಳೆಯುತ್ತಾಳೆ. ಇಲ್ಲಿಗೂ ಗೋಡೆ ಬೇಕೇ ಎಂದು ಸದ್ದು ಅಳೆಯುವ ಅಧಿಕಾರಿ ಬಂದ ದಿನ, ಮನೆ ಬಾಗಿಲಿಗೆ ಬಂದವರೆಂದು ಇವಳೇ ಕೆಲಸಗಾರರನ್ನೂ ಸೇರಿಸಿ ಎಲ್ಲರಿಗೂ ಚಹಾ ಕೊಟ್ಟಳು. ಅವರು ಯಂತ್ರ ನಿಲ್ಲಿಸಿ ಕುಡಿದರು, ಮೀಟರು ಇಲ್ಲಿ ಸದ್ದೇ ಇಲ್ಲವೆಂದಿತು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಹಗಲಲ್ಲಿ ಒಂದಿಷ್ಟು ಕಣ್ಣು ಮುಚ್ಚಲೆಂದು, ಹೊಲಿಗೆ ಯಂತ್ರಕ್ಕೆ ಮುಸುಕು ಹೊದಿಸಿ ಅವಳು ಕೈಯಲ್ಲೇ ಹೊಲಿಯುತ್ತಾಳೆ. ಶಾಲೆ ಕಟ್ಟಿಸುವವರೇ, ಆ ಅಧಿಕಾರಿಯನ್ನು ನೀವೇ ಎಳೆದು ತನ್ನಿ, ಕಾಂಕ್ರೀಟು ಕಲಸುವ ಹೊತ್ತಿಗೇ ಮತ್ತೊಮ್ಮೆ ಅಳೆಸಿ.