ಇಂಗರ್ ಅಮ್ಮನ ಹನ್ನೊಂದು ಒಲೆ

೨೦೧೯ನೇ ಇಸವಿ ಸೆಪ್ಟೆಂಬರ್ ೨, ಸೋಮವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ, ಚಿಫುಕಾ ಹೆರಿಗೆ ಆಸ್ಪತ್ರೆಯ ಹಿಂದಿದ್ದ ಅಡುಗೆ ಚಾವಡಿಯನ್ನು ಜಿಲ್ಲಾ ಆರೋಗ್ಯ ಕಚೇರಿಯವರು ಯಂತ್ರ ತಂದು ಕೆಡವಿದರು. ಅವರ ಆದೇಶದಲ್ಲಿ ಅದನ್ನು ‘ಬಳಕೆಯಲ್ಲಿಲ್ಲದ ಶೆಡ್’ ಎಂದು ನಮೂದಿಸಲಾಗಿದೆ. ಇದು ಸುಳ್ಳು. ಆ ಗಳಿಗೆಯಲ್ಲಿ ಅಲ್ಲಿನ ಹನ್ನೊಂದು ಒಲೆಗಳಲ್ಲಿ ಒಂಬತ್ತು ಉರಿಯುತ್ತಿದ್ದವು. ಶೇಂಗಾಪುಡಿ ಹಾಕಿ ಬೇಯಿಸುತ್ತಿದ್ದ ಕುಂಬಳಸೊಪ್ಪಿನ ಮಡಕೆಯೊಂದು ನನ್ನ ಕಣ್ಣೆದುರಿಗೇ ಮಗುಚಿ ಬಿತ್ತು. ಅದೇ ಆದೇಶದ ಟಿಪ್ಪಣಿಯಲ್ಲಿ ಚಾವಡಿ ಕಟ್ಟಿಸಿದವರನ್ನು ‘ದಿವಂಗತ ಇಂಗರ್ ಲೌರ್ಸೆನ್’ ಎಂದು ಬರೆದಿದ್ದಾರೆ. ಇದೂ ಸುಳ್ಳು. ಆ ಬೆಳಗ್ಗೆ ಅವರು ಯಂತ್ರದ ಮುಂದೆಯೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಇಬ್ಬರು ಕಾವಲುಗಾರರು ಅವರನ್ನು ಕುರ್ಚಿಸಮೇತ ಎತ್ತಿ ಮಾವಿನ ಮರದ ಕೆಳಗೆ ಇಟ್ಟರು.

ನಾನು ಆ ಆಸ್ಪತ್ರೆಯಲ್ಲಿ ೧೯೭೬ರಿಂದ ೨೦೧೧ರವರೆಗೆ ಜನನ ದಾಖಲೆಯ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಚೇರಿಗೆ ಇಂಗರ್ ಅಮ್ಮ ಯಾರೆಂಬುದು ತಿಳಿಯದಿದ್ದರೆ, ತಿಳಿದವನು ಬರೆಯಬೇಕಾಗುತ್ತದೆ.

ಡೆನ್ಮಾರ್ಕಿನಿಂದ ಅವರು ನಮ್ಮ ಈ ಮಲಾವಿಯ ಗುಡ್ಡಸೀಮೆಗೆ ಬಂದದ್ದು ೧೯೭೮ರ ಜುಲೈ ೧೧ರಂದು. ಆಗ ವಯಸ್ಸು ಇಪ್ಪತ್ತೊಂಬತ್ತು. ಹೆರಿಗೆ ಮಾಡಿಸುವುದರಲ್ಲಿ ನುರಿತ ದಾದಿ. ಬಂದ ವಾರದಲ್ಲಿಯೇ ಅವರು ಒಂದು ತಪ್ಪು ಮಾಡಿದರು. ಬಾಣಂತಿಯರೊಡನೆ ಬಂದ ಅಜ್ಜಿಯರು ಆಸ್ಪತ್ರೆಯ ಹಿಂದೆ ಬಯಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದುದನ್ನು ಕಂಡು, ಹೊಗೆಯಿಂದ ಕೂಸುಗಳಿಗೆ ಕೇಡೆಂದು ಆ ಕಲ್ಲುಗಳನ್ನು ಎತ್ತಿಸಿದರು. ಬದಲಿಗೆ ಸುಣ್ಣ ಬಳಿದ ಒಂದು ಅಡುಗೆಕೋಣೆ ಮಾಡಿಸಿ, ತಾವೇ ನಿಂತು ಬೇಯಿಸಿ, ಹಾಸಿಗೆಯಿಂದ ಹಾಸಿಗೆಗೆ ತಟ್ಟೆ ಹೊತ್ತು ಬಡಿಸಿದರು.

ನಮ್ಮ ಹೆಂಗಸರು ಮರ್ಯಾದಸ್ಥರು. ಮಂಡಿಯೂರಿ ಎರಡೂ ಕೈಗಳಿಂದ ತಟ್ಟೆ ತೆಗೆದುಕೊಂಡರು. ಅನಂತರ ಅದನ್ನು ಮಂಚದ ಕೆಳಗೆ ತಳ್ಳಿದರು. ೧೯೭೭ರಲ್ಲಿ ನಮ್ಮಲ್ಲಿ ೨೦೮ ಹೆರಿಗೆಗಳಾಗಿದ್ದವು, ೧೯೭೯ರಲ್ಲಿ ೬೩. ಉಳಿದವರು ಮನೆಯಲ್ಲಿಯೇ ಹೆತ್ತರು. ಅವರಲ್ಲಿ ಸತ್ತವರೆಷ್ಟು ಎಂಬುದು ನನ್ನ ಪುಸ್ತಕದಲ್ಲಿಲ್ಲ. ಆದ್ದರಿಂದ ಸಂಖ್ಯೆ ಹೇಳಲಾರೆ.

ಮಂಚದ ಕೆಳಗೆ ಇರುವೆ ಮುತ್ತಿದ ತಟ್ಟೆಗಳನ್ನು ಕಂಡ ದಿನ ಇಂಗರ್ ಅಮ್ಮ ನೇರವಾಗಿ ನನ್ನ ಮೇಜಿಗೆ ಬಂದರು. “ಗುಮಾಸ್ತರೇ, ನನ್ನ ಅಡುಗೆಗೆ ಏನಾಗಿದೆ? ಯಾಕೆ ಯಾರೂ ತಿಂತಿಲ್ಲ?” ಎಂದು ಕೇಳಿದರು.

ನನಗೆ ಕಾರಣ ಗೊತ್ತಿತ್ತು. ನಮ್ಮ ಚೇವಾ ಜನಾಂಗದ ಮನೆಯಲ್ಲಿ ಬೆಳೆದ ಯಾವ ಗಂಡಸಿಗೂ ಅದು ಗೊತ್ತು. ಯಾವ ಗಂಡಸೂ ಅದನ್ನು ಪರಹೆಂಗಸಿನೆದುರು ಆಡುವುದಿಲ್ಲ. “ನಂಗೆ ತಿಳೀದಮ್ಮ” ಎಂದೆ. ಹದಿನಾಲ್ಕು ತಿಂಗಳು ಹಾಗೆಯೇ ಸುಮ್ಮನಿದ್ದೆ. ಕಚೇರಿಯ ತಪ್ಪನ್ನು ಬರೆಯುವಾಗ ನನ್ನದನ್ನು ಬಿಡುವುದು ನ್ಯಾಯವಲ್ಲ.

ಹೇಳಿದವಳು ಡೊಲೊಫಿನಾ ಎಂಬ ಅಜ್ಜಿ. ೧೯೮೦ರ ಫೆಬ್ರವರಿಯಲ್ಲಿ ಮೊಮ್ಮಗಳ ಹೆರಿಗೆಗೆಂದು ಬಂದವಳು, ತಟ್ಟೆಯನ್ನು ಮೂಸಿ, ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು.

“ಈ ಸೊಪ್ಪಿಗೆ ಉಪ್ಪು ಹಾಕಿದ್ಯಾರು?”

“ನಾನೇ ಅಜ್ಜಿ.”

“ನೀನಾ? ನಿಂಗೆ ಇನ್ನೂ ತಿಂಗಳು ತಿಂಗಳು ಮುಟ್ಟಾಗುತ್ತೆ ತಾನೆ?”

ಇಂಗರ್ ಅಮ್ಮನ ಮುಖ ಕೆಂಪಾಯಿತು. ಹೌದೆಂದರು.

“ಗಂಡ?”

“ಗಂಡ ಇಲ್ಲ ಅಜ್ಜಿ.”

“ಅಯ್ಯೋ, ಹಾಗಾದ್ರೆ ಇನ್ನೂ ಕಷ್ಟ! ಗಂಡ ಇದ್ದಿದ್ರೆ ರಾತ್ರಿ ಏನಾಯ್ತು ಅಂತ ಅವನನ್ನಾದ್ರೂ ಕೇಳಬಹುದಿತ್ತು.” ವಾರ್ಡಿನ ಹೆಂಗಸರೆಲ್ಲ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಡೊಲೊಫಿನಾ ನಗಲಿಲ್ಲ. “ನೋಡಮ್ಮ, ಮುಟ್ಟಾಗೋರ ಕೈ, ಗಂಡನ ಜೊತೆ ಮಲಗೋರ ಕೈ ಬಿಸಿ ಇರುತ್ತೆ. ಆ ಕೈಯಿಂದ ಉಪ್ಪು ಬಿದ್ರೆ ಬಾಣಂತಿಗೆ ಮೈ ಊದುತ್ತೆ, ಕೂಸಿಗೆ ಕೆಮ್ಮು ಹಿಡಿಯುತ್ತೆ. ನೀನು ಕೆಟ್ಟೋಳು ಅಂತಲ್ಲ. ನಿನ್ನ ಕೈ ಇನ್ನೂ ಬಿಸಿ, ಅಷ್ಟೆ.”

“ಹಾಗಾದ್ರೆ ಯಾರು ಹಾಕ್ಬೇಕು?”

“ನನ್ನಂಥೋರು. ಎಲ್ಲಾ ಆರಿ ತಣ್ಣಗಾದೋರು.”

ಇಂಗರ್ ಅಮ್ಮ ನಗಲಿಲ್ಲ, ವಾದಿಸಲಿಲ್ಲ, ಮೂಢನಂಬಿಕೆ ಎನ್ನಲಿಲ್ಲ. “ಒಂದು ಒಲೆಗೆ ಎಷ್ಟು ಜಾಗ ಬೇಕು ಅಜ್ಜಿ?” ಎಂದು ಕೇಳಿದರು. ಡೊಲೊಫಿನಾ ನೆಲದ ಮೇಲೆ ಕುಳಿತು, ಕಾಲು ಚಾಚಿ ಅಳತೆ ತೋರಿಸಿದಳು. ಆ ಅಳತೆಗೇ ಚಾವಡಿ ಎದ್ದಿತು: ತಗಡಿನ ಸೂರು, ಹೊಗೆ ಹೋಗಲು ನಾಲ್ಕೂ ಕಡೆ ತೆರವು, ಹನ್ನೊಂದು ಒಲೆ, ಒಂದು ನಲ್ಲಿ, ಅಜ್ಜಿಯರು ಮಲಗಲು ಜಗುಲಿ. ಸುಣ್ಣದ ಕೋಣೆಯ ಇಟ್ಟಿಗೆಗಳನ್ನೇ ಕಿತ್ತು ಅದಕ್ಕೆ ಬಳಸಿದರು. ೧೯೮೧ರಲ್ಲಿ ನಾನು ೩೪೧ ಜನನಗಳನ್ನು ದಾಖಲಿಸಿದೆ.

ಉಪ್ಪಿನಿಂದ ಕೂಸಿಗೆ ಕೆಮ್ಮು ಬರುವುದು ನಿಜವೋ ಅಲ್ಲವೋ ನಾನರಿಯೆ, ನಾನು ವೈದ್ಯನಲ್ಲ. ಅಜ್ಜಿಗೆ ಒಲೆ ಸಿಕ್ಕರೆ ಮೊಮ್ಮಗಳು ಆಸ್ಪತ್ರೆಗೆ ಬರುತ್ತಾಳೆ, ಸಿಗದಿದ್ದರೆ ಬರುವುದಿಲ್ಲ ಎಂಬುದನ್ನು ಮಾತ್ರ ಮೂವತ್ತೈದು ವರ್ಷದ ದಾಖಲೆಯ ಆಧಾರದಿಂದ ಹೇಳಬಲ್ಲೆ.

ಅಂದಿನಿಂದ ಇಂಗರ್ ಅಮ್ಮ ಹೊಕ್ಕುಳಬಳ್ಳಿ ಕತ್ತರಿಸಿದರು, ಹೊಲಿಗೆ ಹಾಕಿದರು, ಸೌದೆ ಒಡೆದರು, ನಮ್ಮ ಮುಸುಕಿನಜೋಳದ ಮುದ್ದೆ ನ್ಸಿಮಾವನ್ನು ತೊಳಸಿದರು. ಉಪ್ಪು ತುಂಬಿಡುವ ಸೋರೆಬುರುಡೆಯನ್ನು ಮಾತ್ರ ಇಪ್ಪತ್ತೊಂದು ವರ್ಷ ಮುಟ್ಟಲಿಲ್ಲ. ಡೊಲೊಫಿನಾ ತನ್ನ ಮನೆಯ ಹೆರಿಗೆಗಳೆಲ್ಲ ಮುಗಿದ ಮೇಲೂ ಚಾವಡಿ ಬಿಡದೆ, ದಿಕ್ಕಿಲ್ಲದ ಬಾಣಂತಿಯರ ಸೊಪ್ಪಿಗೆ ತಾನೇ ಉಪ್ಪು ಹಾಕುತ್ತಿದ್ದಳು.

೨೦೦೧ರ ಮೇ ತಿಂಗಳಿನ ಒಂದು ಮಧ್ಯಾಹ್ನ, ಕೈ ನಡುಗುವಷ್ಟು ಮುದುಕಿಯಾಗಿದ್ದ ಆಕೆ ಒಲೆಗಳ ನಡುವಿನಿಂದ ಕೂಗಿದಳು. “ಏ ಇಂಗರ್, ನಿಂಗೆ ಮುಟ್ಟು ನಿಂತು ಎಷ್ಟು ದಿನ ಆಯ್ತೇ?”

“ಮೂರು ವರ್ಷ ಆಯ್ತು ಅಜ್ಜಿ.”

“ಮೂರು ವರ್ಷ! ಬಾಯಿ ಬಿಡೋಕೇನಾಗಿತ್ತು? ಮೂರು ವರ್ಷದಿಂದ ನನ್ನ ತೋಳು ಬಿದ್ದುಹೋಗ್ತಿದೆ, ನೀನು ಸುಮ್ನೆ ನಿಂತು ನೋಡ್ತಿದ್ದೀಯ!” ಎಂದವಳೇ ಉಪ್ಪಿನ ಬುರುಡೆಯನ್ನು ಅವರ ಮಡಿಲಿಗೆ ಹಾಕಿದಳು. “ಹಾಕು. ನೋಡಿ ಹಾಕು, ನಿಮ್ಮೂರಲ್ಲಿ ಹಾಕೋ ಹಾಗೆ ಸಪ್ಪೆ ಮಾಡಬೇಡ.”

ಇಂಗರ್ ಅಮ್ಮ ಹನ್ನೊಂದು ಮಡಕೆಗಳಿಗೂ ಉಪ್ಪು ಹಾಕಿದರು. ಆ ದಿನ ಯಾವ ಮಂಚದ ಕೆಳಗೂ ತಟ್ಟೆ ಇರಲಿಲ್ಲ. ನಾನೇ ಬಗ್ಗಿ ನೋಡಿದೆ. ಡೊಲೊಫಿನಾ ೨೦೦೪ರಲ್ಲಿ ತೀರಿಕೊಂಡಳು. ಬುರುಡೆ ಇಂಗರ್ ಅಮ್ಮನಲ್ಲಿಯೇ ಉಳಿಯಿತು. ದಾದಿ ಕೆಲಸದಿಂದ ನಿವೃತ್ತರಾದ ಮೇಲೂ ಅವರು ಊರಿಗೆ ಮರಳಲಿಲ್ಲ. ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ದಿನವೂ ಚಾವಡಿಗೆ ಬಂದರು. ಇದೇ ಕಚೇರಿಯವರು ಕೆಡವಿದ ‘ಬಳಕೆಯಲ್ಲಿಲ್ಲದ ಶೆಡ್’.

ಆ ಸೋಮವಾರ ಆದೇಶ ಹಿಡಿದು ನಿಂತಿದ್ದವರು ಅಧಿಕಾರಿ ಆಲ್ಫಿಯೊ ಚಿಂಫೆಪೊ ಅವರು. ಅವರಿಗೂ ಇಂಗರ್ ಅಮ್ಮನಿಗೂ ನಡೆದ ಮಾತನ್ನು ಕೇಳಿದಂತೆಯೇ ಬರೆಯುತ್ತೇನೆ.

“ಇನ್ಮೇಲೆ ಪೇಟೆಯಿಂದ ಮುಚ್ಚಿದ ಡಬ್ಬಿಯಲ್ಲಿ ಊಟ ಬರುತ್ತಮ್ಮ. ಶುದ್ಧವಾದ ಊಟ. ಓದಿದವರು, ನೀವೇ ಈ ಉಪ್ಪಿನ ಮೂಢನಂಬಿಕೆಗೆ ಕುಮ್ಮಕ್ಕು ಕೊಡ್ತೀರಲ್ಲ!”

“ಊಟ ಬರಲಿ ಮಗನೇ. ತಿನ್ನೋರು ಬರಬೇಕಲ್ಲ?”

“ಬಂದೇ ಬರ್ತಾರೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಹದಿನಾಲ್ಕು ತಿಂಗಳು.”

ಈಗಿನ ಗುಮಾಸ್ತರ ಪುಸ್ತಕದ ಪ್ರಕಾರ, ಕೆಡವುವ ಮುನ್ನ ಆಗಸ್ಟ್ ತಿಂಗಳಲ್ಲಿ ೪೧ ಹೆರಿಗೆಗಳಾಗಿದ್ದವು. ಸೆಪ್ಟೆಂಬರಿನಲ್ಲಿ ೧೭, ಅಕ್ಟೋಬರಿನಲ್ಲಿ ೯. ಡಬ್ಬಿಗಳು ಮುಚ್ಚಳ ತೆರೆಯದೆ ಪೇಟೆಗೆ ಹಿಂದಿರುಗುತ್ತಿವೆ. ಮಾವಿನ ಮರದ ಕೆಳಗೆ ಅಜ್ಜಿಯರು ಹೂಡಿದ ಒಲೆಗಳಿಗೆ ಕಾವಲುಗಾರರು ನೀರು ಸುರಿದಿದ್ದಾರೆ. ಅಕ್ಟೋಬರ್ ೧೧ರಂದು ಝಿಯೋನೆ ಎಂಬ ಹುಡುಗಿಯನ್ನು, ಅಡುಗೆಗೆ ಜಾಗವಿಲ್ಲವೆಂದು ಮನೆಯಲ್ಲಿಯೇ ಇರಿಸಿಕೊಂಡಿದ್ದವರು ನೋವು ಮಿತಿಮೀರಿದ ಮೇಲೆ ಹೊರಡಿಸಿದರು. ಆಕೆ ಹಳ್ಳದ ದಾರಿಯಲ್ಲಿ ಹೆತ್ತಳು. ಎಪ್ಪತ್ತು ವರ್ಷದ ಇಂಗರ್ ಅಮ್ಮ ಸುದ್ದಿ ತಿಳಿದು ಎರಡು ಮೈಲಿ ನಡೆದುಹೋಗಿ ರಕ್ತ ನಿಲ್ಲಿಸಿದರು. ತಾಯಿ, ಮಗು ಇಬ್ಬರೂ ಬದುಕಿದ್ದಾರೆ. ಅದರ ಶ್ರೇಯಸ್ಸು ಕಚೇರಿಗೆ ಸಲ್ಲತಕ್ಕದ್ದಲ್ಲ.

ಸನ್ಮಾನ್ಯ ಚಿಂಫೆಪೊ ಅವರೇ, ಜನನ ದಾಖಲೆಯ ನಾಲ್ಕನೆಯ ಪುಸ್ತಕ, ಪುಟ ೭೨, ಕ್ರಮಸಂಖ್ಯೆ ೧೧೮ನ್ನು ತೆರೆದು ನೋಡಿ. ಅಕ್ಷರ ನನ್ನದು, ಹೆಸರು ತಮ್ಮದು. ಜೂನ್ ೧೯, ೧೯೮೩. ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಹೆರಿಗೆ ಮಾಡಿಸಿದವರು ಇಂಗರ್ ಲೌರ್ಸೆನ್. ತಮ್ಮ ತಾಯಿ ಆಸ್ಪತ್ರೆಯಲ್ಲಿದ್ದದ್ದು ಹತ್ತೊಂಬತ್ತು ದಿನ. ಅಷ್ಟೂ ದಿನ ಮೂರನೆಯ ಒಲೆಯಲ್ಲಿ ಅಡುಗೆ ಮಾಡಿದವರು ತಮ್ಮ ಅಜ್ಜಿ ಎಸ್ನಾತಿ. ಅವರು ಈಗಲೂ ತಮ್ಮ ಮನೆಯಲ್ಲಿಯೇ ಇದ್ದಾರೆಂದು ಕೇಳಿದ್ದೇನೆ. ಆ ಒಲೆ ಇಲ್ಲದಿದ್ದರೆ ತಮ್ಮ ತಾಯಿಯನ್ನು ಆಸ್ಪತ್ರೆಗೆ ಕಳಿಸುತ್ತಿದ್ದರೇ ಎಂದು ಅವರನ್ನೇ ಕೇಳಿ. ಆಮೇಲೆ ಆದೇಶದಲ್ಲಿರುವ ‘ಬಳಕೆಯಲ್ಲಿಲ್ಲದ’ ಮತ್ತು ‘ದಿವಂಗತ’ ಎಂಬ ಎರಡು ಪದಗಳನ್ನು ತಮ್ಮ ಸಹಿಯೊಂದಿಗೆ ಹೊಡೆದುಹಾಕಿ. ನವೆಂಬರಿನ ಮೊದಲ ಮಳೆ ಬೀಳುವುದರೊಳಗೆ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ಹತ್ತಲ್ಲ, ಹನ್ನೊಂದು ಒಲೆಗಳ ಚಾವಡಿಯನ್ನು ಕಟ್ಟಿಸಿಕೊಡಿ.