ಅಣ್ಣ ಯಾವ ಊರಿನ ಆಟಗಾರ

ಅರಸೀಕೆರೆಯಲ್ಲಿ ನಾನು ಕೊಬ್ಬರಿ ಮೂಟೆ ಹೊರುವ ಮಂಡಿಯ ಹಿಂದೆ ಒಂದು ಬಯಲಿದೆ. ಹೋದ ಭಾನುವಾರ ಅಲ್ಲಿ ಕೆಲವರು ನೆಲಕ್ಕೆ ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ವಾಲಿಬಾಲ್ ಅಂಕಣದ ಗೆರೆ ಎಳೆಯುತ್ತಿದ್ದರು. ಒದ್ದೆ ಮಣ್ಣಿನ ಮೇಲೆ ಬಿದ್ದ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಮೂಟೆ ಇಳಿಸಿ ನಿಂತುಬಿಟ್ಟೆ. ಅಣ್ಣನ ಅಂಗಿಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ಗೆರೆ ಎಳೆಯುವ ಕೆಲಸವನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. ಹಗ್ಗ ಹಿಡಿದು ಬಾಗಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು...

ಅಣ್ಣ ನಮ್ಮ ಮಾದಿಹಳ್ಳಿ ತಂಡದ ಲಿಫ್ಟರ್. ಅಂದರೆ ಬಂದ ಚೆಂಡನ್ನು ಬಲೆಯ ಹತ್ತಿರ ಹದವಾಗಿ ಮೇಲೆತ್ತಿ ಕೊಡುವವನು. ಹಾರಿ ಬಡಿಯುವವನು ಬೇರೆ. ಸಿಳ್ಳೆ, ಚಪ್ಪಾಳೆ ಎಲ್ಲ ಬಡಿದವನಿಗೇ ಹೋಗುತ್ತಿದ್ದವು. ನಾನು ಆಡಿದವನಲ್ಲ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗೆರೆಯಾಚೆ ನಿಂತು ಕೂಗಿದವನು.

ಊರಿನ ಕ್ಷೌರದಂಗಡಿಯಲ್ಲಿ ದಿನವೂ ಅದೇ ಜಗಳ ನಡೆಯುತ್ತಿತ್ತು.

“ಹೊಡಿಯೋನು ಒಬ್ಬ ಗಟ್ಟಿ ಇದ್ರೆ ಸಾಕು ಕಣ್ಲಾ. ಎತ್ಕೊಡೋಕೆ ಏನೈತೆ? ನಮ್ಮಜ್ಜಿನೂ ಎತ್ತಾಳೆ.”

“ನಿಮ್ಮಜ್ಜಿ ಹಳೇಬೀಡಿನೋಳು. ಆಯಮ್ಮ ಎತ್ತುದ್ರೆ ಚೆಂಡು ಅವ್ರ ಕಡೆಗೇ ಬೀಳ್ತದೆ.”

ಹಳೇಬೀಡು ಎಂದರೆ ನಮಗೆ ಬೈಗುಳವೇ ಆಗಿತ್ತು. ಪಕ್ಕದ ಊರು, ಆದರೂ ಅಲ್ಲಿ ಸೋತ ದಿನ ಅವರ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲಾರದೆ ನಡೆದೇ ಬಂದಿದ್ದೇವೆ. ಅಂಗಡಿಯಲ್ಲಿ ಅಣ್ಣನ ಪರವಾಗಿ ಕತ್ತಿನ ಪಟ್ಟಿ ಹಿಡಿಯುತ್ತಿದ್ದ ನಾನು, ಮನೆಗೆ ಬಂದು ಅವನಿಗೇ, “ನೀನು ಎತ್ತಿ ಏನು ಗುಡ್ಡೆ ಹಾಕ್ದೆ?” ಎನ್ನುತ್ತಿದ್ದೆ. ಅವನು ನಗುತ್ತಿದ್ದ.

ಅಂಥ ಊರಿನ ಹೆಣ್ಣನ್ನೇ ಅಣ್ಣ ಮದುವೆಯಾದ. ಹಳೇಬೀಡಿನ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಹಾಕಿ, ಅದರ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿದ. ಊರು ಬಿಟ್ಟವನು ಎಂದು ನಮ್ಮವರೇ ಅವನನ್ನು ತಂಡದಿಂದ ಕೈಬಿಟ್ಟು ಬೇರೆ ಲಿಫ್ಟರನ್ನು ಹಾಕಿಕೊಂಡರು. ಮುಂದಿನ ವರ್ಷ ಅವನು ಹಳೇಬೀಡಿನ ಅಂಗಿ ತೊಟ್ಟಾಗ ಅದೇ ಜನ ದ್ರೋಹಿ ಎಂದರು. ನಾನೂ ಅಂದೆ, ಎಲ್ಲರಿಗಿಂತ ಜೋರಾಗಿ.

ಕೇಳಿಬಿಡಬೇಕೆಂದು ಅವನ ಅಂಗಡಿಗೆ ಹೋಗಿದ್ದೆ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಲಿಲ್ಲ.

“ಅಲ್ಲಿ ಬ್ಯಾಡ ಅಂದ್ರು, ಇಲ್ಲಿ ಬಾ ಅಂದ್ರು. ಆಡೋನು ಆಡ್ಬೇಕಲ್ವೇನೋ?”

“ನೀನು ನಮ್ಮಪ್ಪನ ಮಗನೇ ಅಲ್ಲ ಬಿಡು” ಎಂದೆ.

“ಹಂಗಾರೆ ನೀನಾದ್ರೂ ಆಗು. ಕಾಪಿ ಕುಡ್ಕೊಂಡು ಹೋಗು, ನಿಮ್ಮತ್ತಿಗೆ ಇಟ್ಟವ್ಳೆ” ಎಂದ. ಕುಡಿಯದೆ ಎದ್ದು ಬಂದೆ.

ಆ ವರ್ಷ ಬೇಲೂರಿನ ಪಂದ್ಯಾವಳಿಯ ಫೈನಲಿಗೆ ನಾವೂ ಅವರೂ ಬಂದೆವು. ನಮ್ಮ ಕಡೆಯ ಪಂದ್ಯಗಳಲ್ಲಿ ಆಟಗಾರ ತಾನು ಆಡುವ ಊರಿನಲ್ಲೇ ವಾಸವಿರಬೇಕು. ತಕರಾರು ಬಂದರೆ ಗುರುತಿನ ಕಾರ್ಡು ನೋಡುವುದಿಲ್ಲ. ಕಾರ್ಡಿನಲ್ಲಿ ಎಲ್ಲರದೂ ಹಳೇ ವಿಳಾಸವೇ. ಆಟಗಾರನ ರಕ್ತಸಂಬಂಧಿ ಒಬ್ಬರನ್ನು ಅಂಕಣಕ್ಕೆ ಕರೆದು, ‘ಇವನು ರಾತ್ರಿ ಉಣ್ಣುವುದು ಎಲ್ಲಿ?’ ಎಂದು ಕೇಳುತ್ತಾರೆ. ಅವರು ಹೇಳಿದ್ದೇ ಕೊನೆ. ಹೊರಗಿನವನು ಎಂದಾದರೆ ಅವನನ್ನು ಆಡಿಸಿದ ತಂಡ ಸೋತಂತೆ.

ಮೊದಲ ಸೆಟ್ ಹಳೇಬೀಡಿಗೆ ಹೋಯಿತು. ಅಣ್ಣ ಒಂದು ಕಡೆ ನೋಡುತ್ತಾ ತಲೆಯ ಹಿಂದಿನಿಂದ ಇನ್ನೊಂದು ಕಡೆಗೆ ಚೆಂಡು ಎತ್ತುತ್ತಿದ್ದ. ನಮ್ಮವರು ತಪ್ಪು ಜಾಗದಲ್ಲಿ ಹಾರಿ ಹಾರಿ ಬೀಳುತ್ತಿದ್ದರು. “ಹೆಂಡ್ತಿ ಊರಿನ ಕೂಲಿ!” ಎಂದು ಕೂಗಿ ನನ್ನ ಗಂಟಲು ಕಟ್ಟಿತ್ತು. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದವನು, “ಅಯ್ಯೋ, ಇವ್ನನ್ನ ಬಿಟ್ಟು ಕೆಟ್ವಲ್ಲೋ” ಎಂದ. ನಮ್ಮೂರಿನಲ್ಲಿ ಅಣ್ಣನಿಗೆ ಅಷ್ಟು ಬೆಲೆ ಕಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಖುಷಿಯಾಗಬೇಕಿತ್ತು. ಮೈ ಉರಿಯಿತು.

ಎರಡನೇ ಸೆಟ್ಟಿನಲ್ಲೂ ಹಿಂದೆ ಬಿದ್ದಾಗ ನಮ್ಮ ಕ್ಯಾಪ್ಟನ್ ಅಣ್ಣನ ಮೇಲೆ ತಕರಾರು ಎತ್ತಿದ. ತೀರ್ಪುಗಾರರು ವಯಸ್ಸಾದ ಮೇಷ್ಟ್ರು. ನನ್ನನ್ನು ಕರೆದರು.

“ನೀನು ಇವನ ತಮ್ಮ ತಾನೆ? ರಾತ್ರಿ ಎಲ್ಲಿ ಉಣ್ತಾನೆ ಹೇಳಪ್ಪ.”

ಮಗನಿಗೆ ಒಂದು ತುತ್ತು ಇಕ್ಕಿ ಎಷ್ಟು ಕಾಲವಾಯಿತು ಎಂದು ಅವ್ವ ಆ ಬೆಳಿಗ್ಗೆಯೇ ಅತ್ತಿದ್ದಳು. ಆದರೂ ಹೇಳಿದೆ.

“ನಮ್ಮನೇಲೇ ಸಾರ್. ದಿನಾ ನಮ್ಮವ್ವನೇ ಇಕ್ಕದು. ಇವ್ನು ಮಾದಿಹಳ್ಳಿಯೋನೇ.”

ಮೇಷ್ಟ್ರು ಅಣ್ಣನ ಕಡೆ ತಿರುಗಿ, “ಏನಪ್ಪ, ಹೌದಾ?” ಎಂದರು. ಅವನು ನನ್ನನ್ನು ನೋಡಿದ. ಇಲ್ಲ ಎಂದಿದ್ದರೆ ಎರಡು ಊರಿನ ಮುಂದೆ ನಾನು ಸುಳ್ಳನಾಗುತ್ತಿದ್ದೆ.

“ನನ್ ತಮ್ಮ ಹೇಳಿದ್ದು ಸರಿ ಸಾರ್.”

ಅಂಗಿ ಬಿಚ್ಚಿ, ಮಡಿಸಿ, ಮೇಷ್ಟ್ರ ಕುರ್ಚಿಯ ಮೇಲಿಟ್ಟು ಬನಿಯನ್ನಿನಲ್ಲೇ ನಡೆದುಹೋದ.

ಹಳೇಬೀಡಿನವರು ಅವನ ಮೇಲೆ ಬಿದ್ದರು. “ಕಳ್ ನನ್ಮಗ್ನೆ, ಮಾದಿಹಳ್ಳಿಯೋರು ಬಿಟ್ಟ ಗೂಢಚಾರನಾ ನೀನು?” ಎಂದು ಯಾರೋ ಬೆನ್ನಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡೆ. ಆಗ ನಮ್ಮವರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಅಷ್ಟು ಎತ್ತರದಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಪ್ಪು ನಮಗೆ ಬಂತು.

ಆಮೇಲೆ ಹಳೇಬೀಡಿನಲ್ಲಿ ಯಾರೂ ಅವನ ಅಂಗಡಿಗೆ ಗಾಡಿ ತರಲಿಲ್ಲ. ‘ಊಟ ಮಾದಿಹಳ್ಳೀಲಿ, ಗಾಳಿ ಇಲ್ಲಿ’ ಎಂದು ಬಾಗಿಲಿನ ಮೇಲೆ ಬರೆದಿದ್ದರಂತೆ. ಅಣ್ಣ ಅಂಗಡಿ ಬಾಗಿಲು ಹಾಕಿ, ಬಿಕ್ಕೋಡಿನ ಕಡೆ ತೋಟವೊಂದರ ಜೀಪು ಓಡಿಸಲು ಹೋಗಿ ರಾತ್ರಿ ಹಳೇಬೀಡಿಗೆ ಮರಳುತ್ತಿದ್ದ. ಅವ್ವ ಹೇಳಿ ಕಳಿಸಿದರೂ ನಮ್ಮ ಮನೆಗೆ ಒಮ್ಮೆಯೂ ಬರಲಿಲ್ಲ. ನಾನೇ ಒಂದು ಸಲ ಬಿಕ್ಕೋಡಿಗೆ ಹೋಗಿದ್ದೆ. ಜೀಪುಗಳು ನಿಲ್ಲುವ ಕಡೆ ಅವನ ಬೆನ್ನು ಕಂಡಿತು. ಸಣ್ಣಗಾಗಿದ್ದ. ಕರೆದರೆ ತಿರುಗುತ್ತಿದ್ದ... ಕರೆಯಲಿಲ್ಲ. ಬಂದ ಬಸ್ಸಿನಲ್ಲೇ ವಾಪಸಾದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಅವನ ಜೀಪು ತಿರುವಿನಲ್ಲಿ ಮಗುಚಿತು. ಹೆಣವನ್ನು ಹಳೇಬೀಡಿಗೆ ತಂದರು. ಅತ್ತಿಗೆ ಅಳುವುದನ್ನು ನಿಲ್ಲಿಸಿ ನನ್ನ ಎದುರಿಗೆ ಬಂದು ನಿಂತರು.

“ನಿನ್ನೆನೂ ನನ್ ಕೈಲೇ ಉಂಡ್ರು. ಈಗ ಹೇಳು, ಜನ ಎಲ್ಲ ಅವ್ರೆ. ನಿಮ್ಮಣ್ಣ ಎಲ್ಲಿ ಉಣ್ತಿದ್ರು, ಹೇಳು.”

ನಾನು ಚಟ್ಟ ಕಟ್ಟುತ್ತಿದ್ದವರ ಕಡೆ ತಿರುಗಿ ಹಗ್ಗ ಹಿಡಿದೆ.

ಆ ಗೆರೆ ಕಂಡ ಮರುದಿನ, ಸೋಮವಾರ, ಮಂಡಿಗೆ ರಜೆ ಹಾಕಿ ಮಾದಿಹಳ್ಳಿಗೆ ಹೋದೆ. ಕ್ಷೌರದಂಗಡಿಯಲ್ಲಿ ಈಗ ಹೊಸಬರು ಕೂತಿದ್ದಾರೆ, ಜಗಳ ಮಾತ್ರ ಹಳೆಯದೇ. ನನ್ನನ್ನು ಕಂಡು ಒಬ್ಬ, “ಬಾ ಮಾಮ, ನೀನೇ ಹೇಳು. ನಿಮ್ಮಣ್ಣನಂಥ ಲಿಫ್ಟರ್ ಈ ಊರಲ್ಲಿ ಇನ್ನೊಬ್ಬ ಹುಟ್ಟಿದ್ನಾ? ಹಳೇಬೀಡೋರು ಕದಿಯೋಕೆ ನೋಡಿದ್ರಂತೆ, ಆಗ್ಲಿಲ್ಲ” ಎಂದ.

“ಅವನು ಹಳೇಬೀಡಿನವನೇ ಆಗಿದ್ದ ಕಣ್ರೋ. ಊಟ ಅಲ್ಲೇ ಮಾಡ್ತಿದ್ದ. ನಾನು ಅವತ್ತು ಸುಳ್ಳು ಹೇಳ್ದೆ” ಎಂದೆ.

ಅಂದು ನನ್ನನ್ನು ಹೊತ್ತು ಕುಣಿದವರಲ್ಲಿ ಒಬ್ಬ, ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನು, ಕುರ್ಚಿಯಿಂದ ಎದ್ದೇಬಿಟ್ಟ. “ಏನ್ಲಾ, ಗೆದ್ದ ಕಪ್ಪು ಕದ್ದಿದ್ದು ಅಂತೀಯಾ? ಅರಸೀಕೆರೆ ಸೇರಿದ್ ಮ್ಯಾಲೆ ಊರು ಬ್ಯಾಡವಾಯ್ತಾ? ನಡಿ ಆಚೆಗೆ!” ಎಂದು ರಟ್ಟೆ ಹಿಡಿದು ಬೀದಿಗೆ ತಳ್ಳಿದ. ಹಿಂದಿನಿಂದ ಯಾರೋ, “ಅಣ್ಣನ ಹಂಗೇ ತಮ್ಮ” ಎಂದರು. ಆ ಮಾತಿಗೆ ನಾನು ಯೋಗ್ಯನಲ್ಲ.

ಸ್ಟಾಪಿನಲ್ಲಿ ನಿಂತಾಗ ಹಳೇಬೀಡಿನ ಬಸ್ಸು ಬಂತು. ಅತ್ತಿಗೆ ಅಲ್ಲೇ ಇದ್ದಾರೆ. ಅಂದು ಅಣ್ಣನಿಗೆ ಗುದ್ದಿದವರೂ ಇದ್ದಾರೆ. ಹೇಳಬೇಕಾದ ಜಾಗ ಅದೇ. ಕಂಡಕ್ಟರು ಬಾಗಿಲು ತೆರೆದು, “ಹತ್ತೀರೋ ಇಲ್ವೋ?” ಎಂದು ಎರಡು ಸಲ ಕೇಳಿದರು. ನಾನು ಹಿಂದೆ ಸರಿದೆ... ಬಸ್ಸು ಹೋಯಿತು.

ಬಾಯಲ್ಲಿ ಆಗದ್ದನ್ನು ಇಲ್ಲಿ ಬರೆದಿದ್ದೇನೆ. ಹಳೇಬೀಡಿನವರು ಯಾರಾದರೂ ಓದಿದರೆ ಅತ್ತಿಗೆಗೆ ಓದಿ ಹೇಳಿ. ಅಣ್ಣ ನಿಮಗೆ ಮೋಸ ಮಾಡಲಿಲ್ಲ. ಅವನು ನಿಮ್ಮ ಊರಿನ ಲಿಫ್ಟರ್.